ಗೆರೆಯ ಮೇಲಿನ ಸೊನ್ನೆ

ಮಾರ್ಚ್ ೯, ಭಾನುವಾರ ಬೆಳಗ್ಗೆ

ನನ್ನ ಗುಬ್ಬಿಗೆ,

ನಿನ್ನ ಮೂರು ಪತ್ರಗಳಿಗೆ ಉತ್ತರ ಬರೆದಿಲ್ಲ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಸಾಕು, ಹೇಳಬೇಕಾದದ್ದು ಗಂಟಲಿನಿಂದ ಕೆಳಗಿಳಿದುಬಿಡುತ್ತದೆ.

ನಾನು ಚೆನ್ನಾಗಿದ್ದೇನೆ. ತಲೆಯಲ್ಲಿ ಎರಡು ಬೆರಳಿನಷ್ಟು ಕೂದಲು ಬಂದಿದೆ, ಅದೂ ಗುಂಗುರು. ನಿಮ್ಮಪ್ಪ ದಿನಾ ಮುಟ್ಟಿ ನೋಡಿ, "ಕುರಿಮರಿ ಎದ್ದಿತಾ?" ಎನ್ನುತ್ತಾರೆ. ಅಡುಗೆ ಇನ್ನೂ ಅವರದೇ. ಉಪ್ಪಿನ ವಿಷಯ ಮಾತ್ರ ಕೇಳಬೇಡ.

ಆಸ್ಪತ್ರೆಯಿಂದ ಪತ್ರ ಬಂದಿತ್ತು. ಗರ್ಭಿಣಿಯರ ವಿಭಾಗಕ್ಕೆ ಮರಳುತ್ತೀರೋ, ಕಡತ ನೋಡುವ ಕೆಲಸ ಸಾಕೋ, ಸೋಮವಾರದೊಳಗೆ ತಿಳಿಸಿ ಎಂದು. ಕಡತವೇ ಸಾಕು ಅಂದುಕೊಂಡಿದ್ದೆ. ಕ್ಯಾನ್ಸರಿನ ಔಷಧಿಯಿಂದ ಬೆರಳ ತುದಿಗಳು ಇನ್ನೂ ಮರಗಟ್ಟಿದ ಹಾಗಿವೆ. ಗುಂಡಿ ಹಾಕಿಕೊಳ್ಳುವಾಗ ಯಾರದೋ ಬೆರಳನ್ನು ಎರವಲು ತಂದಂತಿರುತ್ತದೆ. ಇಪ್ಪತ್ತಾರು ವರ್ಷ ಈ ಕೈಗಳನ್ನೇ ನಂಬಿಕೊಂಡು ಹೆರಿಗೆ ಮಾಡಿಸಿದವಳು ನಾನು. ಒಂದು ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ವಾರ್ಡಿನ ತುಂಬ ಮೊಣಕಾಲುದ್ದ ತಿಳಿನೀರು, ಅದರ ಮೇಲೆ ಹಾಸಿಗೆಗಳು ನಿಧಾನವಾಗಿ ತೇಲುತ್ತಿವೆ. ಒಬ್ಬೊಬ್ಬರ ಹೊಟ್ಟೆಯ ಮೇಲೂ ಕೈ ಇಡುತ್ತೇನೆ, ಒಳಗೆ ಬರೀ ನೀರು. ಕನಸಿನಲ್ಲಿ ಭಯವಾಗುತ್ತಿರಲಿಲ್ಲ, ಎದ್ದ ಮೇಲೆ ಅಳು ಬರುತ್ತಿತ್ತು.

ಶುಕ್ರವಾರ, ಕಡತವೇ ಸಾಕೆಂದು ಬರೆದುಕೊಡಲು ಹೋದೆ. ನಮ್ಮ ಹಿರಿಯ ನರ್ಸ್ ದೊಡ್ಡಕ್ಕ ಬಾಗಿಲಲ್ಲೇ ಹಿಡಿದುಕೊಂಡರು.

"ಬಂದಿದ್ದು ಬಂದ್ರಿ, ಒಬ್ಬರನ್ನ ನೋಡಿ ಹೋಗಿ ಮೇಡಂ."

"ನನ್ನ ಕೈ ಸರಿ ಇಲ್ಲ ಅಕ್ಕ."

"ತಪ್ಪಾದ್ರೆ ಸ್ಕ್ಯಾನ್ ಹುಡುಗಿ ಹೇಳ್ತಾಳೆ ಬಿಡಿ. ನೀವು ಸೊನ್ನೆ ಹಾಕಿ, ಸಾಕು."

ಸೊನ್ನೆ ನಾನೇ ಶುರುಮಾಡಿದ ಪದ್ಧತಿ. ಸ್ಕ್ಯಾನಿಗೆ ಕಳಿಸುವ ಮೊದಲು ಹೊಟ್ಟೆ ಮುಟ್ಟಿ ನೋಡಬೇಕು. ಚೀಟಿಯ ಮೂಲೆಯಲ್ಲಿ ಗೆರೆ ಎಳೆದು, ಮಗುವಿನ ತಲೆ ಮೇಲಿದ್ದರೆ ಗೆರೆಯ ಮೇಲೆ, ಕೆಳಗಿದ್ದರೆ ಕೆಳಗೆ ಒಂದು ಸೊನ್ನೆ ಹಾಕಬೇಕು. ನಾನಿಲ್ಲದ ವರ್ಷದಲ್ಲಿ ಅದನ್ನು ಎಲ್ಲರೂ ಮರೆತಿದ್ದಾರಂತೆ. ದೊಡ್ಡಕ್ಕ ನನ್ನ ಕೈಗೆ ಪೆನ್ಸಿಲ್ ಕೊಟ್ಟು, "ರಬ್ಬರೂ ಇದೆ, ಹೆದರ್ಬೇಡಿ" ಎಂದರು.

ಮಂಚದ ಮೇಲಿದ್ದವಳು ಅಂಚೆ ಹಂಚುವ ಹೆಂಗಸು. ಎಂಟು ತಿಂಗಳು ತುಂಬಿತ್ತು. ಹೋದ ವಾರ ನೋಡಿದವರು ತಲೆ ಕೆಳಗಿದೆ ಎಂದು ಬರೆದಿದ್ದರು. ಕಿಟಕಿಯ ಬಿಳಿ ಪರದೆ ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತಿತ್ತು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದೆ. ಮೊದಲು ಏನೂ ಇಲ್ಲ, ಕನಸಿನ ಅದೇ ನೀರು. ಆಮೇಲೆ ಪಕ್ಕೆಲುಬಿನ ಕೆಳಗೆ, ನನ್ನ ಅಂಗೈಯ ಬುಡಕ್ಕೆ, ಗಟ್ಟಿಯಾಗಿ ದುಂಡಗಿರುವುದೇನೋ ತಗುಲಿತು. ಮೆಲ್ಲಗೆ ತಟ್ಟಿದರೆ ಅದೊಂದೇ ಅಲ್ಲಾಡಿತು. ತಲೆ.

ನಿನಗೇಕೆ ಇಲ್ಲದ ಉಸಾಬರಿ, ಹೋದ ವಾರದವರ ಹಾಗೆ ಕೆಳಗೇ ಹಾಕು ಎಂದಿತು ಮನಸ್ಸು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.

"ಡಾಕ್ಟ್ರೇ, ನಿದ್ದೆ ಬಂತಾ?" ಎಂದಳು ಆಕೆ.

ನಾನು ಗೆರೆಯ ಮೇಲೆ ಸೊನ್ನೆ ಹಾಕಿದೆ.

ಸ್ವಲ್ಪ ಹೊತ್ತಿಗೆ ಸ್ಕ್ಯಾನ್ ಹುಡುಗಿ ಚೀಟಿ ವಾಪಸು ತಂದು, "ಮೇಲೇ ಇದೆ ಮೇಡಂ" ಎಂದಳು. ಈಗಲೇ ತಿಳಿದದ್ದು ಒಳ್ಳೆಯದಾಯಿತು, ಮಗು ತಿರುಗಲು ಇನ್ನೂ ಸಮಯವಿದೆ. ದೊಡ್ಡಕ್ಕ ರಬ್ಬರನ್ನು ಜೇಬಿಗೆ ಹಾಕಿಕೊಂಡು ಹೋದರು.

ನಾಳೆಯಿಂದ ಗರ್ಭಿಣಿಯರ ವಿಭಾಗಕ್ಕೆ ಹೋಗುತ್ತೇನೆ. ಬೆರಳಿಗೆ ಪೂರ್ತಿ ಜೀವ ಬರುವವರೆಗೆ ಕತ್ತರಿ, ಹೊಲಿಗೆ ಬೇರೆಯವರದು. ಸಂತೋಷವಾಗಿದೆ ಗುಬ್ಬಿ, ತುಂಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ನೆತ್ತಿಯ ಮೇಲೆ ನನ್ನ ಎರಡೂ ಅಂಗೈ ಇವೆ ಎಂದುಕೋ.

ನಿನ್ನ
ಅಮ್ಮ

ತಾ.ಕ.: ನನ್ನ ಆಪರೇಷನ್ನಿನ ದಿನ ನೀನು ಕೇಳಿದ್ದೆ, "ಅಮ್ಮ, ನೀನೇ ಡಾಕ್ಟ್ರು, ನಿಂಗೆ ಹೇಗೆ ಗೊತ್ತಾಗ್ಲಿಲ್ಲ?" ಕೈಗೆ ಸಿಗುವಂಥದ್ದಾಗಿರಲಿಲ್ಲ ಎಂದಿದ್ದೆ. ಸುಳ್ಳು. ಅದಕ್ಕೆ ಏಳು ತಿಂಗಳ ಮೊದಲೇ, ಸ್ನಾನ ಮಾಡುವಾಗ, ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತ್ತು. ಅದೇನೆಂದು ಬೆರಳುಗಳಿಗೆ ಆ ಕ್ಷಣವೇ ಗೊತ್ತಾಗಿತ್ತು. ನಾನು ಟವೆಲ್ ಸುತ್ತಿಕೊಂಡು ಹೊರಗೆ ಬಂದು ನಿಮ್ಮಪ್ಪನನ್ನು ಕಾಫಿ ಕೇಳಿದೆ. ಇಷ್ಟು ದಿನ ಕೈಯ ಮೇಲೆ ಹೊರಿಸಿದ ತಪ್ಪು ಕೈಯದಲ್ಲ. ಶುಕ್ರವಾರ ಪೆನ್ಸಿಲ್ ಹಿಡಿದು ಅಷ್ಟು ಹೊತ್ತು ನಿಂತಿದ್ದು ಅದಕ್ಕೇ.

ಪೂರ್ತಿ ಓದಿದೆಯಲ್ಲ, ಈಗ ಬೈ.