ನಾಲ್ಕನೇ ಸ್ಕ್ರೂ

ರೀ,

ಊಟದ ಮೇಜಿನ ಮೇಲಿರುವುದು ದೋಣಿ ಮೋಟಾರಿನ ಪೆಟ್ರೋಲ್ ಪಂಪು. ಎತ್ತಿಡಲು ಹೋಗಬೇಡಿ, ಸ್ಕ್ರೂಗಳಿನ್ನೂ ಸಡಿಲ ಇವೆ. ಊಟ ಅಡುಗೆಕಟ್ಟೆಯ ಮೇಲೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಪಂಪಿನೊಳಗಿನ ರಬ್ಬರ್ ಹಾಳೆ ಬೆರಳು ತಾಗಿದ್ದಕ್ಕೇ ಹರಿಯಿತು. "ಅದಕ್ಕೇನೂ ಆಗಿಲ್ಲ ಬಿಡೇ" ಅಂತಿದ್ದಿರಲ್ಲ, ತಟ್ಟೆಯ ಪಕ್ಕದಲ್ಲೇ ಇಟ್ಟಿದ್ದೇನೆ, ಕಣ್ತುಂಬ ನೋಡಿ.

ಹೊಸದು ಹಾಕಿದೆ. ಸೋರುತ್ತದೋ ಎಂದು ನೋಡಲು ಒಬ್ಬರು ಪೈಪಿನ ರಬ್ಬರ್ ಉಂಡೆ ಒತ್ತಿ ಪೆಟ್ರೋಲ್ ಹರಿಸಬೇಕು, ಇನ್ನೊಬ್ಬರು ಪಂಪಿನ ಮೇಲೆ ಕಣ್ಣಿಡಬೇಕು. ನಿನ್ನೆ ಹಿತ್ತಿಲಲ್ಲಿ ನಾನೇ ಒತ್ತಿ, ನಾನೇ ಓಡಿ ನೋಡಿ, "ಸೋರ್ತಿದೆ ರೀ!" ಎಂದು ಕೂಗಿಬಿಟ್ಟೆ. ಬೇಲಿಯ ಮೇಲಿದ್ದ ಬೆಕ್ಕು ತಿರುಗಿ ನೋಡಿತು. ಮತ್ತೆ ಬಿಚ್ಚಿ ಒಳಗೆ ತಂದೆ.

ನೀವು ರಾತ್ರಿ ಪಾಳಿ ಮುಗಿಸಿ ಬರುವಾಗ ನಾನು ಹೊರಟಿರುತ್ತೇನೆ. ಸಂಜೆ ನಾನು ಬರುವಾಗ ನೀವಿರುವುದಿಲ್ಲ. ಹೊದಿಕೆ ಬೆಚ್ಚಗಿದ್ದರೆ, ಈಗಷ್ಟೇ ಹೋದಿರಿ ಅಂದುಕೊಳ್ಳುತ್ತೇನೆ.

ಇವತ್ತು ಅರ್ಧ ಗಂಟೆ ತಡವಾಗಿ ಹೊರಡಿ. ನೀವು ಒತ್ತಿ, ನಾನು ನೋಡುತ್ತೇನೆ.

ನೀವೊಬ್ಬರೇ ಜೋಡಿಸಿ ಮುಗಿಸುತ್ತೀರೆಂದು ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ನಾಲ್ಕನೇ ಸ್ಕ್ರೂಗಾಗಿ ಮನೆಯೆಲ್ಲ ತಡಕಾಡಬೇಡಿ. ಅದು ನನ್ನ ಜೇಬಿನಲ್ಲಿದೆ.