ನನಗೂ ಒಂದು ವರ್ಚುವಲ್ ಮೆಷಿನ್

ಮಗುವಿನ ಅಪ್ಪನಿಗೆ,

ಪಕ್ಕದ ಕೋಣೆಯಲ್ಲೇ ಇದ್ದೀರಿ; ಮಾತಾಡಿದರೆ ಮಗು ಏಳುತ್ತದೆಂದು ಬರೆಯುತ್ತಿದ್ದೇನೆ.

ನನ್ನ ತಂಗಿಯ ಕಲಿಕೆಗೆಂದು ನಮ್ಮ ಕಂಪ್ಯೂಟರಿನೊಳಗೇ ಬೇರೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್ ಮೆಷಿನ್ ಮಾಡಿಕೊಟ್ಟಿರಿ. ಸಂತೋಷ. ಬೆಳಿಗ್ಗೆ ಅವಳು ಅದನ್ನು ಪೂರ್ತಿ ಕೆಡಿಸಿದಾಗ, "ಕೆಟ್ರೆ ಕೆಡ್ಲಿ ಬಿಡೇ ಪುಟ್ಟಿ, ನಿನ್ನೆ ಹೇಗಿತ್ತೋ ಹಾಗೇ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದೀನಿ, ಅಲ್ಲಿಗೇ ವಾಪಸ್ ಹೋದ್ರಾಯ್ತು" ಎಂದು ನಕ್ಕಿರಿ. ಅದೇ ಹೊತ್ತಿಗೆ ನನ್ನ ಕೈಯಿಂದ ಹಾಲಿನ ಬಾಟಲಿ ಜಾರಿತು. "ಇಷ್ಟೂ ಆಗಲ್ವಾ ನಿನಗೆ?" ಎಂದಿರಿ.

ನಿದ್ದೆಗೆಟ್ಟವಳ ಹೊಟ್ಟೆಕಿಚ್ಚು ಅನ್ನಿ, ಇಲ್ಲವೆನ್ನುವುದಿಲ್ಲ.

ಭಾನುವಾರ ನನಗೂ ಒಂದು ಮೆಷಿನ್ ಮಾಡಿಕೊಡಿ. ಆ ಹೊತ್ತು ಮಗುವನ್ನು ತಂಗಿ ಎತ್ತಿಕೊಳ್ಳಲಿ. ಕಾಲೇಜಿನಲ್ಲಿ ಕಲಿತದ್ದೆಲ್ಲ ಮರೆತಿದೆ, ಖಂಡಿತ ಕೆಡಿಸುತ್ತೇನೆ. ಆಗ ನೀವು ಪಕ್ಕದಲ್ಲೇ ಕೂತಿದ್ದು, ಅವಳೆದುರು ನಕ್ಕ ಹಾಗೆಯೇ ನಗಬೇಕು.

ಇಂತಿ,
ಇನ್ನೂ ಎಚ್ಚರವಾಗಿರುವ ನಿಮ್ಮ ಹೆಂಡತಿ