ನನ್ನ ಮಾತು ಎಲ್ಲಿ ಕೂತಿದೆ

ತಾರೀಖು ಹದಿನೇಳು, ಮಂಗಳವಾರ

ನನ್ನ ಮಗಳಿಗೆ ಅಮ್ಮನ ಆಶೀರ್ವಾದಗಳು. ನಾನು ಗಟ್ಟಿಯಾಗಿದ್ದೇನೆ. ನೀವಿಬ್ಬರೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ, ಹೇಳುವವರು ಯಾರೂ ಇಲ್ಲವಾದ್ದರಿಂದ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ತಪ್ಪು ನನ್ನದಲ್ಲ, ನಿನ್ನ ಮಗಳ ಮನೆಯದು. ಊರವರ ಫೋಟೋ, ಪತ್ರ, ದಾಖಲೆಗಳನ್ನೆಲ್ಲ ಇಟ್ಟುಕೊಳ್ಳುವ ಕಂಪನಿಯಲ್ಲಿ ಇವಳಿಗೆ ಕೆಲಸ. ಮನೆಯೆಲ್ಲ ತಡಕಾಡಿದರೂ ಒಂದು ಹಾಳೆ ಬಿಳಿ ಕಾಗದ ಇಲ್ಲ. ಕೊನೆಗೆ ಕೆಳಗಿನ ಅಂಗಡಿಗೆ ನಾನೇ ಹೋಗಿ ತಂದೆ. ಪೆನ್ನು ಕೇಳಿದರೆ, ಪೆನ್ನು ಯಾಕಜ್ಜಿ, ಫೋನ್ ಮಾಡಬಾರದಾ ಅನ್ನುತ್ತಾಳೆ. ಫೋನ್ ಮಾಡಿದರೆ ಅಳಿಯಂದಿರೇ ಎತ್ತುತ್ತಾರೆ, ನೀನು ಯಾವಾಗಲೂ ಸ್ನಾನಕ್ಕೆ ಹೋಗಿರುತ್ತೀಯ. ಅಷ್ಟು ಸ್ನಾನ ಮಾಡಿದರೆ ಮೈ ಸವೆದು ಹೋದೀತು ಮಗಳೇ.

ನಾನು ಬರೆಯುತ್ತಿರುವ ವಿಷಯ ಒಂದೇ. ನೆಲದ ಕೆಲಸ ಎಲ್ಲಿಗೆ ಬಂತು? ಹಳೇ ನೆಲ ಕಿತ್ತು ಹೊಸದು ಹಾಕಿಸುವ ತನಕ ಧೂಳು, ನಿನಗೆ ಕೆಮ್ಮು, ಮೊಮ್ಮಗಳ ಹತ್ತಿರ ಇದ್ದು ಬಾ ಎಂದು ನೀನೇ ಕಳಿಸಿದೆ. ಬಂದೆ. ಈಗ ಮನೆಗೆ ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ಇವಳ ಕೈಲಿ ಹೇಳಿ ಕಳಿಸಿದೆ. ಇವಳು ಅವಳಪ್ಪನಿಗೆ ಹೇಳಿದಳಂತೆ. ಅವರು ನಿನಗೆ ಹೇಳುತ್ತೇನೆ ಅಂದರಂತೆ. ಆಮೇಲೆ ಸದ್ದಿಲ್ಲ. ಅಳಿಯಂದಿರು ದೇವರಂಥವರು ನಿಜ, ದೇವರ ಹಾಗೇ ಎಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಾರೆ. ನನ್ನ ಮಾತು ಅವರ ಜೇಬಿನಲ್ಲೇ ಕೂತಿದೆ ಎಂದು ನನಗೆ ಖಾತ್ರಿ. ಅದಕ್ಕೇ ನೇರ ನಿನಗೆ ಬರೆಯುತ್ತಿದ್ದೇನೆ.

ಇಲ್ಲಿ ಇರುವುದಾದರೂ ಹೇಗೆ ಹೇಳು. ಬೆಳಗಾದರೆ ಟ್ರೇಸಿಂಗ್, ಸಂಜೆಯಾದರೆ ಟ್ರೇಸಿಂಗ್. ಒಂದು ದಿನ ಊಟದ ತಟ್ಟೆ ಮುಂದಿಟ್ಟುಕೊಂಡು ಇವಳೇ ಬಿಡಿಸಿ ಹೇಳಿದಳು. ಜನ ಇಟ್ಟ ಸಾಮಾನು ಒಂದೇ ಮಿಷನ್ನಿನಲ್ಲಿ ಇರುವುದಿಲ್ಲವಂತೆ. ಯಾರಾದರೂ ತಮ್ಮ ಫೋಟೋ ಕೇಳಿದರೆ ಆ ಕೇಳಿಕೆ ಮೊದಲು ಬಾಗಿಲ ಮಿಷನ್ನಿಗೆ ಹೋಗಬೇಕು, ಅಲ್ಲಿಂದ ನೀನು ಯಾರಪ್ಪ ಎಂದು ವಿಚಾರಿಸುವ ಮಿಷನ್ನಿಗೆ, ಅಲ್ಲಿಂದ ಯಾವುದು ಎಲ್ಲಿದೆ ಎಂದು ಬಲ್ಲ ಮಿಷನ್ನಿಗೆ, ಕೊನೆಗೆ ನಿಜವಾಗಿ ಇಟ್ಟುಕೊಂಡಿರುವ ಉಗ್ರಾಣಕ್ಕೆ. ಈಗ ಫೋಟೋ ಬರುವುದು ತಡ ಎಂದು ಜನ ಬೈಯುತ್ತಿದ್ದಾರೆ. ಒಂದೊಂದು ಮಿಷನ್ನಿಗೂ ಒಂದೊಂದು ಗುಂಪು. ಯಾರನ್ನು ಕೇಳಿದರೂ ಬಂದ ಕೂಡಲೇ ಮುಂದಕ್ಕೆ ಕಳಿಸಿದೆವು ಅನ್ನುತ್ತಾರೆ. ಅದಕ್ಕೆ ಪ್ರತಿ ಕೇಳಿಕೆಗೂ ಒಂದು ನಂಬರಿನ ಚೀಟಿ ಕಟ್ಟಿ, ಅದು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಜಾಡು ಹಿಡಿಯುವ ವ್ಯವಸ್ಥೆ, ಅದೇ ಈ ಟ್ರೇಸಿಂಗ್, ಮಾಡು ಎಂದು ಇವಳ ತಲೆಗೆ ಕಟ್ಟಿದ್ದಾರೆ.

ಮಾಡಲು ಬಿಟ್ಟರೆ ತಾನೇ. ವಿಚಾರಿಸುವ ಮಿಷನ್ನಿನ ಗುಂಪಿನಲ್ಲಿ ಒಬ್ಬ ದಪ್ಪ ದನಿಯವನಿದ್ದಾನೆ. ಚೀಟಿ ದಾಟಿಸುತ್ತ ಕೂತರೆ ನಮ್ಮ ಕೆಲಸ ನಿಧಾನವಾಗುತ್ತದೆ ಎಂದು ಅವನ ಹಟ. ಚೀಟಿ ಅಲ್ಲಿ ಉದುರಿಹೋದರೆ ಮುಂದೆ ಹೋದದ್ದು ಯಾರ ಕೇಳಿಕೆ ಎಂದೇ ತಿಳಿಯುವುದಿಲ್ಲ, ಜಾಡು ತುಂಡು ತುಂಡು. ಇವಳು ಅಂಗಲಾಚುವುದು, ಅವನು ಲ್ಯಾಪ್‌ಟಾಪಿನೊಳಗಿಂದ ಗುಡುಗುವುದು, ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಒಂದು ದಿನ ತಡೆಯಲಾರದೆ ಹಿಂದಿನಿಂದ ಹೇಳಿಯೇಬಿಟ್ಟೆ. "ಏನಪ್ಪಾ, ಒಂದು ಚೀಟಿ ದಾಟ್ಸೋಕೆ ನಿನ್ನ ಸೊಂಟ ಉಳುಕುತ್ತಾ?" ಮೈಕು ತೆರೆದಿತ್ತಂತೆ. ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ಇವಳು ಸಂಜೆಯ ತನಕ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮೇಲಿನವರು ಗದರಿಸಿದ ಮೇಲೆಯೇ ಅವನು ದಾರಿಗೆ ಬಂದದ್ದು.

ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಹಿಡಿದ ಜಾಡನ್ನೆಲ್ಲ ಎಲ್ಲಾದರೂ ಇಡಬೇಕಲ್ಲ, ಈ ಮಹಾನುಭಾವರು ಅದೇ ಉಗ್ರಾಣದಲ್ಲಿ ಇಟ್ಟರು. ಇಡುವುದೂ ಒಂದು ಕೆಲಸವಲ್ಲವೇ, ಅದಕ್ಕೂ ಒಂದು ಜಾಡು ಹುಟ್ಟಿತು. ಆ ಜಾಡನ್ನು ಇಡಲು ಹೋದರೆ ಮತ್ತೊಂದು. ಮಧ್ಯಾಹ್ನದೊಳಗೆ ಉಗ್ರಾಣ ಕಂಠಪೂರ್ತಿ ತುಂಬಿ ಜನರ ಫೋಟೋಗೇ ಜಾಗವಿಲ್ಲ. ಇಷ್ಟೆಲ್ಲ ಓದಿದವರು, ಇವರಿಗೆ ಯಾರು ಏನು ಹೇಳುವುದು. ಇನ್ನೊಮ್ಮೆ ಹೀಗಾದರೆ ಈ ಕೆಲಸ ಬೇರೆಯವರಿಗೆ ಎಂದು ಇವಳ ಮೇಲಿನವನು ಬೈದ. ಇವಳು ಊಟ ಬಿಟ್ಟು ಕೂತಳು. ನಾನೂ ಬೈದೆ, ಬೈದು ತಿನ್ನಿಸಿದೆ.

ಜಾಡಿಗೆ ಬೇರೆ ಜಾಗ ಮಾಡಿಕೊಂಡ ಮೇಲೆ ನಿನ್ನೆ ಅಂತೂ ಜಾಡು ಸಿಕ್ಕಿತು. ಕರೆದು ತೋರಿಸಿದಳು. ಪರದೆಯ ಮೇಲೆ ಬಣ್ಣದ ಪಟ್ಟಿಗಳು. ಬಾಗಿಲಿನದು ನೂಲೆಳೆಯಷ್ಟು, ದಪ್ಪ ದನಿಯವನದೂ ಅಷ್ಟೇ, ಪಾಪ. ಕೊನೆಯದು ಮಾತ್ರ ಪರದೆಯ ಆ ತುದಿಯವರೆಗೆ. ಆ ಉಗ್ರಾಣ ಇವಳ ಗುಂಪಿನದೇ. ಕೇಳಿಕೆ ಕ್ಷಣದಲ್ಲಿ ಬಂದು ಮುಟ್ಟಿತ್ತಂತೆ; ಉಗ್ರಾಣ ತನ್ನ ಹಳೇ ಸಾಮಾನು ಒಪ್ಪ ಮಾಡಿಕೊಳ್ಳುತ್ತ, ಬಂದದ್ದನ್ನೆಲ್ಲ ಹೊರಗೆ ಕಾಯಿಸಿತ್ತಂತೆ. "ಅಜ್ಜಿ, ನಾನು ಎಲ್ಲರನ್ನೂ ಬೈದೆ, ನಿಂತಿದ್ದು ನಮ್ಮ ಹತ್ರಾನೇ" ಎಂದು ಮುಖ ಸಣ್ಣದು ಮಾಡಿಕೊಂಡಳು. ಗೊತ್ತಾಯಿತಲ್ಲ, ಸರಿಮಾಡಿದರಾಯಿತು ಬಿಡೇ ಎಂದೆ.

ನೆಲ ಪೂರ್ತಿ ಒಣಗಿರದಿದ್ದರೂ ಚಿಂತೆಯಿಲ್ಲ, ಒಂದು ಮೂಲೆಯಲ್ಲಿ ಇರುತ್ತೇನೆ. ಯಾವ ದಿನ ಬರುತ್ತೀರಿ ತಿಳಿಸು. ನಿನಗೆ, ಅಳಿಯಂದಿರಿಗೆ, ಅವರ ಜೇಬಿಗೆ, ಎಲ್ಲಕ್ಕೂ ಒಳ್ಳೆಯದಾಗಲಿ.

ನಿನ್ನ ಅಮ್ಮ

ತಾ.ಕ.: ಮೇಲಿನದನ್ನು ನಿನ್ನೆ ಬರೆದು ಮುಗಿಸಿದ್ದೆ. ಇವತ್ತು ಬೆಳಗ್ಗೆ ಲಕೋಟೆಯ ಮೇಲೆ ವಿಳಾಸ ಬರೆದುಕೊಡು, ನಿನ್ನಪ್ಪನ ಕೈಗೆ ಸಿಗದ ಹಾಗೆ ಅಮ್ಮನ ಹೆಸರಿಗೇ ಬರಿ ಎಂದು ನಿನ್ನ ಮಗಳಿಗೆ ಕೊಟ್ಟೆ. ಅವಳು ಪೆನ್ನು ಹಿಡಿದುಕೊಂಡು ಬರೆಯದೆ ಕೂತಳು. ಆಮೇಲೆ ಹೇಳಿದಳು. "ಅಪ್ಪನ್ನ ಬೈಬೇಡ ಅಜ್ಜಿ. ಅಪ್ಪ ಅವತ್ತೇ ಹೇಳಿದಾರೆ. ನೆಲದ ಕೆಲಸಾನೂ ಮುಗಿದಿದೆ."

ಮತ್ತೆ ಯಾಕೆ ಕರೆಯುತ್ತಿಲ್ಲ ಎಂದೆ. ಪೆನ್ನಿನ ಮುಚ್ಚಳ ಹಾಕಿ ಹೇಳಿದಳು. "ಅಜ್ಜಿ ಇಲ್ದೆ ಮನೇಲಿ ಸ್ವಲ್ಪ ನೆಮ್ಮದಿಯಾಗಿದೆ, ಇನ್ನಷ್ಟು ದಿನ ಇಟ್ಕೋ ಅಂದ್ಳು ಅಮ್ಮ."

ನನ್ನ ನಾಲಿಗೆ ಎಂಥದೆಂದು ನೀನು ತೊಟ್ಟಿಲಿನಿಂದ ಬಲ್ಲೆ. ಅಳಿಯಂದಿರ ಮೇಲೆ ಬರೆದದ್ದನ್ನು ಹೊಡೆದು ಹಾಕಿಲ್ಲ. ಅವರಿಗೆ ಓದಿ ಹೇಳಿ, ಅತ್ತೆ ಬೇರೆಯವರನ್ನು ಬೈಯಬೇಕಿತ್ತಂತೆ ಎಂದುಬಿಡು. ಆ ಮಗುವಿನ ಬಾಯಲ್ಲಿ ಮಾತ್ರ ಇನ್ನು ಇಂಥ ಮಾತು ಆಡಿಸಬೇಡ, ಅದಕ್ಕೆ ಅಳು ತಡೆಯಲಾಗಲಿಲ್ಲ. ಬರಬೇಡ ಎನ್ನುವುದಾದರೆ ಬರಬೇಡ ಎಂದು ನೀನೇ ಕೈಯಾರೆ ಬರೆ. ದೊಡ್ಡ ಅಕ್ಷರದಲ್ಲಿ ಬರೆ, ನಿಧಾನವಾಗಿಯಾದರೂ ಓದಿಕೊಳ್ಳುತ್ತೇನೆ.